ಟೀಪು ರಾಯಭಾರಿಗಳು ನಿಂತ ಹಾಲ್ ಹುಡುಕ್ಕೊಂಡು ವರ್ಸೇಲ್ಸ್‌ಗೆ ಹೋಗಿದ್ದು – ನನ್ನ ಅನುಭವ

ವರ್ಸೇಲ್ಸ್ ಅರಮನೆ ನೋಡ್ಕೊಂಡು ಬಂದವ್ರನ್ನ ಏನ್ ನೋಡಿದ್ರಿ ಅಂತ ಕೇಳಿ, "ಅಯ್ಯೋ ಸೂಪರ್ರು, ಕನ್ನಡಿ ಹಾಲ್ ಇದೆ, ಸಿಕ್ಕಾಪಟ್ಟೆ ರಶ್ಶು, ಗಾರ್ಡನ್‌ನಲ್ಲಿ ನಡೆದೂ ನಡೆದೂ ಕಾಲು ಬಿದ್ದೋಯ್ತು" ಅಂತಾರೆ, ಅಲ್ಲಿಗೆ ಮಾತು ಮುಗೀತು. ಅವರದ್ದೇನೂ ತಪ್ಪಿಲ್ಲ. 2300ಕ್ಕೂ ಹೆಚ್ಚು ರೂಮ್ ಇರೋ ಅರಮನೆ ಅದು, ಗೋಡೆ ಬಿಟ್ರೆ ಸೀಲಿಂಗು, ಸೀಲಿಂಗ್ ಬಿಟ್ರೆ ಬಾಗಿಲು, ಕೈಯಗಲ ಜಾಗ ಖಾಲಿ ಬಿಡದೆ ಚಿತ್ರ, ಶಿಲ್ಪ, ಚಿನ್ನದ ಗಿಲ್ಟು, ಎಲ್ಲಾನೂ ನೋಡೇ ನೋಡ್ತೀನಿ ಅಂತ ಹೊರಟ್ರೆ ಕೊನೆಗೆ ಒಂದೂ ನೆನಪಲ್ಲಿ ಉಳಿಯಲ್ಲ. ನಾನೇನು ಮಾಡ್ದೆ ಅಂದ್ರೆ ಹೊರಡೋಕೆ ಮುಂಚೆನೇ ಒಂದು ಕಥೆ ಆರಿಸ್ಕೊಂಡೆ, ಆ ಕಥೆಗೆ ಸಂಬಂಧಪಟ್ಟ ರೂಮು, ಸಂಬಂಧಪಟ್ಟ ಪೇಂಟಿಂಗು ಇಷ್ಟನ್ನ ಮಾತ್ರ ನಿಧಾನಕ್ಕೆ ನೋಡೋದು, ಮಿಕ್ಕಿದ್ದು ದಾರೀಲಿ ಕಣ್ಣಿಗೆ ಬಿದ್ರೆ ಬೀಳ್ಲಿ ಅಂತ. ನಮ್ಮೂರು ಶ್ರೀರಂಗಪಟ್ಟಣದ ಕಡೆ, ಹಾಗಾಗಿ ಕಥೆ ಹುಡುಕೋಕೆ ಕಷ್ಟಪಡ್ಲಿಲ್ಲ, ನಮ್ಮ ಕಡೆಯಿಂದ್ಲೇ ಜನ ಅಲ್ಲಿಗೆ ಹೋಗಿದ್ರಲ್ಲ, 1788ರಲ್ಲಿ.

ಗೊತ್ತಿಲ್ಲದವ್ರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಟೀಪು ಸುಲ್ತಾನ್ ಫ್ರಾನ್ಸ್ ರಾಜ 16ನೇ ಲೂಯಿ ಹತ್ರಕ್ಕೆ ಮೂರು ಜನ ರಾಯಭಾರಿಗಳನ್ನ ಕಳಿಸಿದ್ದ, ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್. 1787ರಲ್ಲಿ ಪಾಂಡಿಚೇರಿಯಿಂದ ಹಡಗು ಹತ್ತಿದವ್ರು 1788ರ ಜೂನ್‌ನಲ್ಲಿ ಫ್ರಾನ್ಸಿನ ತೂಲೋನ್ ಬಂದರಲ್ಲಿ ಇಳಿದ್ರು, ಜುಲೈನಲ್ಲಿ ಪ್ಯಾರಿಸ್ ಸೇರಿದ್ರು, ಆಗಸ್ಟ್ 10ಕ್ಕೆ ವರ್ಸೇಲ್ಸ್‌ನಲ್ಲಿ ರಾಜನ ದರ್ಶನ. ಕೇಳೋಕೆ ಹೋಗಿದ್ದು ಮುಖ್ಯವಾಗಿ ಇಂಗ್ಲಿಷ್‌ನೋರ ವಿರುದ್ಧ ಮಿಲಿಟರಿ ಸಹಾಯ, ಅದರ ಜೊತೆಗೆ ಕುಶಲಕರ್ಮಿಗಳು, ಡಾಕ್ಟರು, ಹೂವಿನ ಬೀಜ, ಗಿಡ ಎಲ್ಲಾ ಲಿಸ್ಟಲ್ಲಿತ್ತು. ಶ್ರೀರಂಗಪಟ್ಟಣದಲ್ಲಿ ಬೆಳೆದೋರಿಗೆ ಇದೆಲ್ಲ ಎಲ್ಲೋ ಒಂಚೂರು ಕಿವಿಗೆ ಬಿದ್ದಿರುತ್ತೆ, ಆದ್ರೆ ಅವ್ರು ನಿಂತಿದ್ದ ರೂಮು ಈಗ್ಲೂ ಹಾಗೇ ಇದೆ, ಟಿಕೆಟ್ ತಗೊಂಡ್ರೆ ನಾವೂ ಹೋಗಿ ನಿಲ್ಬಹುದು ಅನ್ನೋದು ನಂಗೆ ತುಂಬಾ ತಡವಾಗಿ ಹೊಳೆದಿದ್ದು.

ಪ್ರಾಕ್ಟಿಕಲ್ ವಿಷಯ ಮೊದಲು ಮುಗಿಸ್ಬಿಡೋಣ. ಅರಮನೆ ಸೋಮವಾರ ರಜಾ. ಟಿಕೆಟ್ ಆನ್‌ಲೈನಲ್ಲಿ ಟೈಮ್ ಸ್ಲಾಟ್ ಹಾಕಿ ತಗೋಬೇಕು, ಅಲ್ಲೇ ಹೋಗಿ ತಗೊಳ್ತೀನಿ ಅನ್ನೋ ಯೋಚ್ನೆ ಬೇಡ. ಪ್ಯಾರಿಸ್‌ನಿಂದ ಆರ್‌ಇಆರ್ ಸಿ ಟ್ರೇನ್ ವರ್ಸೇಲ್ಸ್ ಶಾತೋ ರೀವ್ ಗೋಶ್ ಅನ್ನೋ ಸ್ಟೇಷನ್ನಿಗೆ ಹೋಗುತ್ತೆ, ಅದೇ ಅರಮನೆಗೆ ತೀರಾ ಹತ್ರದ್ದು. ಮೊಂಪಾರ್ನಾಸ್ ಕಡೆಯಿಂದ ಎನ್ ಲೈನು, ಸೇಂಟ್ ಲಜಾರ್ ಕಡೆಯಿಂದ ಎಲ್ ಲೈನು ಕೂಡ ಇದೆ, ಅವು ಬೇರೆ ಬೇರೆ ಸ್ಟೇಷನ್ನಿಗೆ ಬಿಡುತ್ವೆ, ಸ್ವಲ್ಪ ಜಾಸ್ತಿ ನಡೀಬೇಕು ಅಷ್ಟೇ. ದೊಡ್ಡ ಬ್ಯಾಗು, ಸೆಲ್ಫಿ ಸ್ಟಿಕ್ಕು ಒಳಗೆ ಬಿಡಲ್ಲ. ಅಂಗಳ ಪೂರ್ತಿ ಕಲ್ಲು ಹಾಸಿರೋದು, ಚಪ್ಪಲಿ ಹಾಕ್ಕೊಂಡು ಸ್ಟೈಲ್ ಮಾಡೋರು ಮಧ್ಯಾಹ್ನದ ಹೊತ್ತಿಗೆ ಅನುಭವಿಸ್ತಾರೆ.

ಸ್ಲಾಟ್ ವಿಷಯದಲ್ಲಿ ಎಲ್ರೂ ಬೆಳಗ್ಗೆ ಬೇಗ ಹೋಗಿ ಅಂತಾರೆ, ನಾನು ಬೇಕಂತ್ಲೇ ಮಧ್ಯಾಹ್ನದ್ದು ತಗೊಂಡೆ. ಕಾರಣ ಇದೆ. ಕನ್ನಡಿ ಹಾಲ್‌ನ ಕಿಟಕಿಗಳೆಲ್ಲ ಪಶ್ಚಿಮಕ್ಕೆ, ಗಾರ್ಡನ್ ಕಡೆಗೆ ಮುಖ ಮಾಡಿವೆ, ಬೆಳಗ್ಗೆ ಹೋದ್ರೆ ಆ ಹಾಲು ಮಂಕಾಗಿರುತ್ತೆ, ಬಿಸಿಲು ಒಳಗೆ ಬರೋದೇ ಮಧ್ಯಾಹ್ನದ ಮೇಲೆ. ರಾಜನ ಮಲಗೋ ಕೋಣೆ ಮಾತ್ರ ಪೂರ್ವಕ್ಕೆ, ಸೂರ್ಯರಾಜ ಅಂತ ಹೆಸರಿಟ್ಕೊಂಡಿದ್ದ 14ನೇ ಲೂಯಿಗೆ ಹುಟ್ಟೋ ಸೂರ್ಯನೇ ಬೇಕಿತ್ತು. ಇನ್ನೊಂದು, ಟೂರ್ ಬಸ್ಸಿನ ಗುಂಪುಗಳು ಜಾಸ್ತಿ ಬೆಳಗ್ಗೆನೇ ಬಂದು ಮುಗಿಸ್ಕೊಂಡು ಹೋಗ್ತಾವೆ, ಸಂಜೆ ಆಗ್ತಾ ಆಗ್ತಾ ಒಳಗೆ ಸ್ವಲ್ಪ ಉಸಿರಾಡ್ಬಹುದು.

ಅರಮನೆ ಹಿಂದಿನ ಕಥೆ ಚಿಕ್ಕದಾಗಿ: 1623ರಲ್ಲಿ 13ನೇ ಲೂಯಿ ಬೇಟೆಗೆ ಬಂದಾಗ ಉಳ್ಕೊಳ್ಳೋಕೆ ಅಂತ ಕಟ್ಟಿಸಿದ ಮನೆ, ಅವನ ಮಗ 14ನೇ ಲೂಯಿ 1661ರಿಂದ ಅದನ್ನ ಬೆಳೆಸ್ತಾ ಬೆಳೆಸ್ತಾ 1682ರಲ್ಲಿ ಇಡೀ ದರ್ಬಾರನ್ನೇ ಪ್ಯಾರಿಸ್‌ನಿಂದ ಇಲ್ಲಿಗೆ ಎತ್ತಂಗಡಿ ಮಾಡ್ಬಿಟ್ಟ. ಕಟ್ಟಡ ಲೂಯಿ ಲೆವೋ, ಆಮೇಲೆ ಮಾನ್ಸಾರ್, ಗಾರ್ಡನ್ ಆಂಡ್ರೆ ಲೆನೋತ್ರ್, ಚಿತ್ರ ಅಲಂಕಾರದ ಉಸ್ತುವಾರಿ ಚಾರ್ಲ್ಸ್ ಲೆಬ್ರಾಂ. ಈ ಹೆಸರುಗಳು ನೆನಪಿದ್ರೆ ಸಾಕು, ಆಡಿಯೋ ಗೈಡ್ ಮಿಕ್ಕಿದ್ದನ್ನೆಲ್ಲ ಹೇಳುತ್ತೆ. ವಿದೇಶಿ ರಾಯಭಾರಿಗಳು ಹತ್ತಿ ಬರ್ಲಿ ಅಂತಲೇ ಬಣ್ಣಬಣ್ಣದ ಅಮೃತಶಿಲೆಯ ಒಂದು ಭಾರಿ ಮೆಟ್ಟಿಲು ಕಟ್ಟಿಸಿದ್ರು, 15ನೇ ಲೂಯಿ 1752ರಲ್ಲಿ ಅದನ್ನ ಒಡೆಸಿ ಹಾಕ್ದ. ನಮ್ಮೋರು ಹೋಗೋ ಹೊತ್ತಿಗೆ ಅದು ಇರ್ಲಿಲ್ಲ.

ಒಳಗೆ ಹೋದ್ಮೇಲೆ ಮೊದಲು ಚಾಪೆಲ್ ಸಿಗುತ್ತೆ, 1710ರಲ್ಲಿ ಮುಗಿದಿದ್ದು, 1770ರಲ್ಲಿ 16ನೇ ಲೂಯಿಗೂ ಮೇರಿ ಅಂಟೊನೆಟ್‌ಗೂ ಮದುವೆ ಆಗಿದ್ದು ಇಲ್ಲೇ, ಒಳಗೆ ಬಿಡಲ್ಲ, ಬಾಗಿಲಿಂದ್ಲೇ ಕತ್ತು ಚಾಚಿ ನೋಡ್ಬೇಕು. ಎಲ್ರೂ ಅಲ್ಲಿ ಫೋಟೋ ತೆಗೆದು ಮೇಲಕ್ಕೆ ಓಡ್ತಾರೆ. ಮೇಲೆ ಹೋದ್ರೆ ಬರೋದು ಹರ್ಕ್ಯುಲಿಸ್ ಸಲೋನ್. ನಾನು ಹುಡುಕ್ಕೊಂಡು ಹೋಗಿದ್ದ ರೂಮ್ ಅದೇ. ಅಲ್ಲೇ ಸಿಂಹಾಸನ ಹಾಕಿಸಿ 16ನೇ ಲೂಯಿ ಕೂತಿದ್ದು, ಮೂರು ಜನ ಮೈಸೂರಿನೋರು ಬಂದು ಸಲಾಮ್ ಮಾಡಿದ್ದು. ಜನ ಈ ರೂಮನ್ನ ಕನ್ನಡಿ ಹಾಲ್‌ಗೆ ಹೋಗೋ ದಾರಿ ಅಂತ ತಿಳ್ಕೊಂಡು ದಾಟ್ಕೊಂಡು ಹೋಗ್ತಾರೆ, ನನ್ನ ಕೇಳಿದ್ರೆ ಇಡೀ ಅರಮನೇಲಿ ಚಿತ್ರಕಲೆ ನೋಡೋಕೆ ಇದಕ್ಕಿಂತ ಒಳ್ಳೆ ರೂಮ್ ಇನ್ನೊಂದಿಲ್ಲ.

ಇಲ್ಲಿ ನೋಡ್ಬೇಕಾಗಿರೋದು ಎರಡು. ಒಂದು ಸೀಲಿಂಗು. ಫ್ರಾಂಸ್ವಾ ಲೆಮೊಯ್ನ್ ಅನ್ನೋ ಕಲಾವಿದ 1733ರಿಂದ 1736ರ ತನಕ ಬರೆದಿದ್ದು, ಹರ್ಕ್ಯುಲಿಸ್ ಸತ್ತ ಮೇಲೆ ದೇವತೆಯಾಗಿ ಸ್ವರ್ಗಕ್ಕೆ ಹೋಗೋ ದೃಶ್ಯ, 142 ಆಕೃತಿಗಳು. ಸುಣ್ಣದ ಗಾರೆ ಮೇಲೆ ಬರೆದಿದ್ದಲ್ಲ, ಕ್ಯಾನ್ವಾಸ್ ಮೇಲೆ ಬರೆದು ಸೀಲಿಂಗಿಗೆ ಅಂಟಿಸಿರೋದು. ನಡುವೆ ಎಲ್ಲೂ ಪಟ್ಟಿ ಇಲ್ಲ ಚೌಕಟ್ಟಿಲ್ಲ, ಒಂದೇ ಆಕಾಶ, ಅಂಚಲ್ಲಿ ಮಾತ್ರ ಕಲ್ಲಿನ ಕಟ್ಟೆ ಥರ ಕಾಣೋದನ್ನ ಬಣ್ಣದಲ್ಲೇ ಬರೆದಿದ್ದಾನೆ, ಕೆಟ್ಟ ಗುಣಗಳ ಆಕೃತಿಗಳು ಆ ಅಂಚಿಂದ ಕೆಳಕ್ಕೆ ನಮ್ಮ ಮೇಲೇ ಬೀಳ್ತಿರೋ ಹಾಗೆ ಕಾಣುತ್ತೆ. ಕಟಿಂಗ್ ಶಾಪ್ ಕುರ್ಚೀಲಿ ಕೂತಂಗೆ ತಲೆ ಹಿಂದಕ್ಕೆ ಹಾಕಿ ನೋಡ್ತಾ ಇದ್ರೆ ಕತ್ತು ಹೋಗುತ್ತೆ, ಅದಕ್ಕೆ ನಂದೊಂದು ಉಪಾಯ, ಫೋನ್ ಕ್ಯಾಮೆರಾ ಸೆಲ್ಫಿ ಮೋಡ್‌ಗೆ ಹಾಕಿ ಫೋನನ್ನ ಹೊಟ್ಟೆ ಹತ್ರ ಅಡ್ಡ ಹಿಡ್ಕೊಳ್ಳಿ, ಕನ್ನಡಿ ಥರ ಸೀಲಿಂಗ್ ಕೆಳಗೇ ಕಾಣುತ್ತೆ, ಝೂಮ್ ಬೇರೆ ಮಾಡ್ಬಹುದು. ಈ ಕೆಲ್ಸ ನೋಡಿ ರಾಜ ಲೆಮೊಯ್ನ್‌ನ ತನ್ನ ಮೊದಲ ಚಿತ್ರಕಾರ ಅಂತ ಮಾಡ್ದ, ಮುಂದಿನ ವರ್ಷಾನೇ, 1737ರಲ್ಲಿ, ಆ ಮನುಷ್ಯ ಆತ್ಮಹತ್ಯೆ ಮಾಡ್ಕೊಂಡ.

ಎರಡನೇದು ಗೋಡೆ ಮೇಲಿರೋ ವೆರೊನೀಸ್ ಚಿತ್ರ. ಫರಿಸಾಯ ಸೈಮನ್ ಅನ್ನೋನ ಮನೇಲಿ ಏಸು ಊಟಕ್ಕೆ ಕೂತಿರೋದು, ಹೆಂಗಸೊಬ್ಬಳು ಪಾದ ಒರೆಸ್ತಿರೋದು. ಅಗಲ ಒಂಬತ್ತೂವರೆ ಮೀಟರ್‌ಗೂ ಜಾಸ್ತಿ. ವೆನಿಸ್‌ನ ಒಂದು ಮಠದ ಊಟದ ಹಾಲ್‌ಗೆ ಅಂತ 1570ರ ದಶಕದ ಆಸುಪಾಸಲ್ಲಿ ಬರೆದಿದ್ದು. ಇದು ವರ್ಸೇಲ್ಸ್‌ಗೆ ಬಂದ ಕಥೆ ಕೇಳಿ: ವೆನಿಸ್‌ನೋರು ಆಗ ತುರ್ಕರ ಜೊತೆ ಯುದ್ಧದಲ್ಲಿದ್ರು, ಅವರಿಗೆ ಫ್ರಾನ್ಸ್ ಬೆಂಬಲ ಬೇಕಿತ್ತು, ಅದಕ್ಕೆ 1664ರಲ್ಲಿ ಈ ಪೇಂಟಿಂಗನ್ನ 14ನೇ ಲೂಯಿಗೆ ಗಿಫ್ಟ್ ಕೊಟ್ರು. ಅಂದ್ರೆ ಯುದ್ಧಕ್ಕೆ ಸಹಾಯ ಕೇಳೋಕೆ ಬಂದ ಒಂದು ರಾಜ್ಯ ತಂದು ಒಪ್ಪಿಸಿದ ಕಾಣಿಕೆ ಅದು, ಅದೇ ಗೋಡೆ ಪಕ್ಕದಲ್ಲಿ ನೂರಿಪ್ಪತ್ತನಾಲ್ಕು ವರ್ಷ ಆದ್ಮೇಲೆ ಮೈಸೂರಿನೋರು ಯುದ್ಧಕ್ಕೆ ಸಹಾಯ ಕೇಳೋಕೆ ನಿಂತಿದ್ರು. ಅದರ ಮೇಲೆ ಇನ್ನೊಂದು, ವೆನಿಸ್‌ನೋರು ಯಾರ ವಿರುದ್ಧ ಸಹಾಯ ಕೇಳಿದ್ರೋ ಆ ತುರ್ಕರ ಸುಲ್ತಾನನ ಹತ್ರಕ್ಕೂ ಟೀಪು 1786ರಲ್ಲಿ ಬೇರೆ ಒಂದು ರಾಯಭಾರ ಕಳಿಸಿದ್ದ. ಇದೆಲ್ಲ ತಲೇಲಿ ಇಟ್ಕೊಂಡು ಆ ಚಿತ್ರದ ಮುಂದೆ ನಿಂತ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ. ಚಿತ್ರದಲ್ಲೂ ಮಜಾ ಇದೆ, ಏಸು ಒಂದು ಪಕ್ಕಕ್ಕಿದ್ದಾನೆ, ಮಿಕ್ಕ ಜಾಗ ಪೂರ್ತಿ ಆಳುಗಳು, ನಾಯಿ, ರೇಷ್ಮೆ ಬಟ್ಟೆ, ಕಂಬಗಳ ಸಾಲು, ನೋಡೋರ ಕಣ್ಣು ಊಟದ ಮೇಲೆ ಹೋದ್ರೂ ಪರವಾಗಿಲ್ಲ ಅಂತ ಬರೆದ ಹಾಗಿದೆ.

ಈ ರೂಮಲ್ಲಿ ನಿಂತಾಗ ನಾನು ತಾರೀಖುಗಳನ್ನ ಸಾಲಾಗಿ ಜೋಡಿಸಿ ನೋಡ್ದೆ. 1788ರ ಆಗಸ್ಟ್ 8ಕ್ಕೆ ರಾಜ, ದುಡ್ಡಿಲ್ಲದೆ ಬೇರೆ ದಾರಿ ಕಾಣದೆ, ಮುಂದಿನ ಮೇ ತಿಂಗಳಲ್ಲಿ ಎಸ್ಟೇಟ್ಸ್ ಜನರಲ್ (ಪಾದ್ರಿಗಳು, ಶ್ರೀಮಂತರು, ಸಾಮಾನ್ಯರು ಮೂರೂ ವರ್ಗದ ಪ್ರತಿನಿಧಿಗಳ) ಸಭೆ ಕರೀತೀನಿ ಅಂತ ಒಪ್ಕೊಂಡ. ಆಗಸ್ಟ್ 10ಕ್ಕೆ ನಮ್ಮೋರ ದರ್ಬಾರು. ಆಗಸ್ಟ್ 16ಕ್ಕೆ ಫ್ರಾನ್ಸ್ ಖಜಾನೆ ಸಾಲದ ಪೇಮೆಂಟ್ ನಿಲ್ಲಿಸ್ತು, ಅಂದ್ರೆ ದಿವಾಳಿ. ಇತ್ತ ಹರ್ಕ್ಯುಲಿಸ್ ಸಲೋನ್‌ನಲ್ಲಿ ಮಾತ್ರ ಎಲ್ಲಾ ಗಿಲ್ಟು ಗಿಲ್ಟು. ಆ ಮೂರು ಜನಕ್ಕೆ ಆ ಚಿನ್ನ, ಆ ಸೀಲಿಂಗು ನೋಡಿ ಈ ರಾಜನ ಹತ್ರ ಇಲ್ಲದ್ದೇ ಇಲ್ಲ ಅಂತ ಅನ್ಸಿರ್ಬೇಕು, ಅರಮನೆ ಕಟ್ಟಿಸಿದ್ದೇ ಅದಕ್ಕಲ್ವ, ಬಂದೋರ ಕಣ್ಣು ಕುಕ್ಕೋಕೆ. ಸೈನ್ಯದ ವಿಷಯದಲ್ಲಿ ಅವರಿಗೆ ಸಿಕ್ಕಿದ್ದು ಒಳ್ಳೆ ಮಾತು ಅಷ್ಟೇ.

ಅಲ್ಲಿಂದ ಮುಂದಕ್ಕೆ ಸಾಲು ರೂಮುಗಳು, ವೀನಸ್, ಡಯಾನಾ, ಮಾರ್ಸ್, ಮರ್ಕ್ಯುರಿ, ಅಪೋಲೊ ಅಂತ. ಎಲ್ಲಾದ್ರಲ್ಲೂ ನಿಲ್ಲೋದು ಬೇಡ. ಡಯಾನಾದಲ್ಲಿ ಬೆರ್ನಿನಿ 1665ರಲ್ಲಿ ಮಾಡಿದ 14ನೇ ಲೂಯಿಯ ಅಮೃತಶಿಲೆ ಪ್ರತಿಮೆ ಇದೆ, ಅದನ್ನ ಬಿಡ್ಬೇಡಿ, ಸುತ್ತ ಬಂದು ನೋಡಿ, ಗಾಳಿಗೆ ಬಟ್ಟೆ ಹಾರೋದನ್ನ ಕಲ್ಲಲ್ಲಿ ಕಡೆದಿದ್ದಾನೆ ಪುಣ್ಯಾತ್ಮ. ಬೆರ್ನಿನಿನ ರೋಮ್‌ನಿಂದ ಕರೆಸಿದ್ದು ಲೂವ್ರ್ ಅರಮನೆ ಡಿಸೈನ್ ಮಾಡ್ಸೋಕೆ, ಆ ಡಿಸೈನ್ ಮೂಲೆಗೆ ಹೋಯ್ತು, ಇದು ಉಳೀತು. ಅಪೋಲೊದಲ್ಲಿ ರಿಗೋ ಬರೆದ ಫೇಮಸ್ ಚಿತ್ರ, ರಾಜ ಕಾಲು ತೋರಿಸ್ಕೊಂಡು ನಿಂತಿರೋದು, ಅರವತ್ತು ದಾಟಿದ ಮುದುಕನ ಮುಖಕ್ಕೆ ಹುಡುಗನ ಕಾಲು. ಅಲ್ಲಿರೋದು ಕಾಪಿ, 1701ರ ಒರಿಜಿನಲ್ ಲೂವ್ರ್‌ನಲ್ಲಿದೆ. ಅದನ್ನ ಮಾಡಿಸಿದ್ದು ಸ್ಪೇನ್ ರಾಜನಾಗಿದ್ದ ಮೊಮ್ಮಗನಿಗೆ ಕಳ್ಸೋಕೆ ಅಂತ, ನೋಡಿ ಇಷ್ಟ ಆಗಿ ತಾನೇ ಇಟ್ಕೊಂಡ.

ಕನ್ನಡಿ ಹಾಲ್ ಬಗ್ಗೆ ಎಲ್ರೂ ಬರೆದಿರ್ತಾರೆ, ನಾನು ನೋಡಿದ ರೀತಿ ಹೇಳ್ತೀನಿ. 73 ಮೀಟರ್ ಉದ್ದ, 17 ಕಿಟಕಿ, ಎದುರಿಗೆ ಕನ್ನಡಿ ತುಂಬಿದ 17 ಕಮಾನು, ಒಂದೊಂದು ಕಮಾನಲ್ಲಿ 21 ಕನ್ನಡಿ, ಒಟ್ಟು 357. ಒಂದೇ ದೊಡ್ಡ ಗಾಜು ಹಾಕದೆ ಯಾಕೆ ಚೂರು ಚೂರು ಹಾಕಿದ್ದಾರೆ ಅಂದ್ರೆ ಆ ಕಾಲದಲ್ಲಿ ಅಷ್ಟು ದೊಡ್ಡ ಗಾಜು ಮಾಡೋಕೆ ಬರ್ತಿರ್ಲಿಲ್ಲ. ಒಳ್ಳೆ ಕನ್ನಡಿ ಅಂದ್ರೆ ವೆನಿಸ್ ಅಂತಿದ್ದ ಕಾಲ ಅದು, ಮಂತ್ರಿ ಕೋಲ್ಬೇರ್ 1665ರಲ್ಲಿ ಫ್ರಾನ್ಸಲ್ಲೇ ಕನ್ನಡಿ ಫ್ಯಾಕ್ಟರಿ ಶುರು ಮಾಡಿಸ್ದ, ಅದೇ ಮುಂದೆ ಸೇಂಟ್ ಗೋಬೇನ್ ಕಂಪನಿ ಆಯ್ತು, ನಮ್ಮಲ್ಲಿ ಮನೆ ಕಟ್ಸೋರು ಕಿಟಕಿ ಗಾಜಿಗೆ ಕೇಳೋ ಅದೇ ಹೆಸರು. ಹತ್ರ ಹೋಗಿ ನೋಡಿದ್ರೆ ಹಳೇ ಗಾಜು ಸ್ವಲ್ಪ ಮಂಕು, ಸ್ವಲ್ಪ ಅಲೆ ಅಲೆ, ನಿಮ್ಮ ಮುಖಾನೇ ನಿಮಗೆ ಸರಿಯಾಗಿ ಕಾಣಲ್ಲ. ಮೂಲತಃ ಅಲ್ಲಿ ಬೆಳ್ಳಿ ಪೀಠೋಪಕರಣ ಇತ್ತು, ಗಟ್ಟಿ ಬೆಳ್ಳೀದು, 1689ರಲ್ಲಿ ಯುದ್ಧಕ್ಕೆ ದುಡ್ಡು ಸಾಲದೆ ಎಲ್ಲಾನೂ ಕರಗಿಸ್ಬಿಟ್ರು. 1686ರಲ್ಲಿ ಸಿಯಾಂ ದೇಶದ, ಅಂದ್ರೆ ಈಗಿನ ಥಾಯ್ಲೆಂಡಿನ, ರಾಯಭಾರಿಗಳು ಬಂದಾಗ ಅವರು ಆ ಬೆಳ್ಳಿ ನೋಡಿದ್ರು.

ಜನ ಕನ್ನಡಿ ಮುಂದೆ ಸೆಲ್ಫಿ ತಗೋತಾರೆ, ಸೀಲಿಂಗ್ ನೋಡೋರು ಕಮ್ಮಿ. ಲೆಬ್ರಾಂ ಮತ್ತೆ ಅವನ ತಂಡ ಬರೆದ 30 ಚಿತ್ರ ಅಲ್ಲಿದೆ, 14ನೇ ಲೂಯಿ ಆಳ್ವಿಕೆಯ ಮೊದಲ 18 ವರ್ಷದ ಸಾಧನೆಗಳು. ಮೊದಲಿಗೆ ಅಪೋಲೊ ಕಥೆ ಬರೆಯೋಣ ಅಂದ್ಕೊಂಡ್ರು, ಆಮೇಲೆ ಹರ್ಕ್ಯುಲಿಸ್ ಅಂತಾಯ್ತು, ಕೊನೆಗೆ ಅದೂ ಬೇಡ ಅಂತ ರಾಜನನ್ನೇ ಹೀರೋ ಮಾಡಿದ್ರು. ನಡುವಿನ ದೊಡ್ಡ ಚಿತ್ರದಲ್ಲಿ 1661ರಲ್ಲಿ ರಾಜ ತಾನೇ ಆಡಳಿತ ವಹಿಸ್ಕೊಂಡಿದ್ದು ಇದೆ. ಮಿಕ್ಕಿದ್ದರಲ್ಲಿ ಜಾಸ್ತಿ ಡಚ್ಚರ ಮೇಲಿನ ಯುದ್ಧ, ರೈನ್ ನದಿ ದಾಟಿದ್ದು ಅಂಥದ್ದೆಲ್ಲ. ಶತ್ರು ದೇಶದ ರಾಯಭಾರಿ ಬಂದು ತನ್ನ ದೇಶ ಸೋತಿರೋ ಚಿತ್ರದ ಕೆಳಗೆ ಅಷ್ಟುದ್ದ ನಡ್ಕೊಂಡು ಹೋಗ್ಬೇಕು, ಅದು ಪ್ಲಾನು. ಅದೇ ಹಾಲಲ್ಲಿ 1871ರಲ್ಲಿ ಜರ್ಮನ್ನರು ಬಂದು ತಮ್ಮ ಸಾಮ್ರಾಜ್ಯ ಘೋಷಣೆ ಮಾಡಿದ್ರು, 1919ರ ಜೂನ್ 28ಕ್ಕೆ ಫ್ರೆಂಚರು ಅದೇ ಜಾಗಕ್ಕೆ ಜರ್ಮನ್ನರನ್ನ ಕರೆಸಿ ಸಹಿ ಹಾಕಿಸ್ಕೊಂಡ್ರು, ನಾವು ಹೈಸ್ಕೂಲಲ್ಲಿ ಐದು ಮಾರ್ಕಿಗೆ ಉರು ಹೊಡೆದ ವರ್ಸೇಲ್ಸ್ ಒಪ್ಪಂದ. ಭಾರತದ ಪರವಾಗಿ ಅವತ್ತು ಸಹಿ ಹಾಕಿದವ್ರಲ್ಲಿ ಬಿಕಾನೇರ್ ಮಹಾರಾಜ ಗಂಗಾಸಿಂಗ್ ಒಬ್ರು.

ಇನ್ನು ರಾಣಿ ಕಡೆ. ರಾಣಿಯ ಮಲಗೋ ಕೋಣೇಲಿ ಹಾಸಿಗೆ ಪಕ್ಕ, ಗೋಡೆ ಬಟ್ಟೆ ಜೊತೆ ಸೇರಿಹೋಗಿರೋ ಒಂದು ಬಾಗಿಲಿದೆ, ಸ್ವಲ್ಪ ತೆಗೆದೇ ಇಟ್ಟಿರ್ತಾರೆ. 1789ರ ಅಕ್ಟೋಬರ್ 6ರ ಬೆಳಗಿನ ಜಾವ ಜನ ಒಳಗೆ ನುಗ್ಗಿದಾಗ ಮೇರಿ ಅಂಟೊನೆಟ್ ಓಡಿಹೋಗಿದ್ದು ಅದರಲ್ಲಿ. ಅವತ್ತೇ ರಾಜ ಕುಟುಂಬಾನ ಪ್ಯಾರಿಸ್‌ಗೆ ಎಳ್ಕೊಂಡು ಹೋದ್ರು, ಮತ್ತೆ ವಾಪಸ್ ಬರ್ಲಿಲ್ಲ. ಅರಮನೆಯ ಸಾಮಾನೆಲ್ಲ 1793-94ರಲ್ಲಿ ಹರಾಜಾಯ್ತು, 17 ಸಾವಿರಕ್ಕೂ ಮಿಕ್ಕಿ ಲಾಟ್‌ಗಳು. ಹಾಗಾಗಿ ಈಗ ಕಾಣೋ ಎಷ್ಟೋ ಪೀಠೋಪಕರಣ ಆಮೇಲೆ ಹುಡುಕಿ ತಂದಿದ್ದು, ಇಲ್ಲಾಂದ್ರೆ ಅದೇ ಥರದ್ದು ಬೇರೆ.

ಆ ಕೋಣೆ ದಾಟಿದ್ಮೇಲೆ ರಾಣಿ ಎಲ್ಲರೆದುರು ಊಟಕ್ಕೆ ಕೂರ್ತಿದ್ದ ಹಾಲ್ ಬರುತ್ತೆ, ಅಲ್ಲೊಂದು ದೊಡ್ಡ ಚಿತ್ರ ಇದೆ, ಕೆಂಪು ವೆಲ್ವೆಟ್ ಬಟ್ಟೇಲಿ ಮೇರಿ ಅಂಟೊನೆಟ್ಟು, ಸುತ್ತ ಮಕ್ಕಳು. ಬರೆದಿದ್ದು ಎಲಿಜಬೆತ್ ವಿಜೇ ಲೆಬ್ರಾಂ, 1787ರಲ್ಲಿ. ರಾಣಿದೂ ಇವಳದೂ ಒಂದೇ ವಯಸ್ಸು, ಇಬ್ರೂ ಹುಟ್ಟಿದ್ದು 1755ರಲ್ಲಿ. ಇವಳ ಗಂಡ ಆ ಸೀಲಿಂಗ್ ಲೆಬ್ರಾಂ ವಂಶದೋನೇ. ವಜ್ರದ ಹಾರದ ಹಗರಣ ಆಗಿ ರಾಣಿ ಹೆಸರು ಕೆಟ್ಟು ಕೆರ ಹಿಡಿದಿತ್ತು, ಒಳ್ಳೆ ತಾಯಿ ಅಂತ ತೋರಿಸ್ಬೇಕಿತ್ತು, ಅದಕ್ಕೆ ಮಾಡಿಸಿದ ಚಿತ್ರ. ಹಿಂದೆ ನೆರಳಲ್ಲಿ ಒಡವೆ ಬೀರು ಇದೆ, ಮುಂದೆ ಬೆಳಕಲ್ಲಿ ಮಕ್ಕಳು. ಬಲಗಡೆ ರಾಜಕುಮಾರ ಖಾಲಿ ತೊಟ್ಟಿಲು ತೋರಿಸ್ತಿದ್ದಾನೆ, ಅದು ಅದೇ ವರ್ಷ ತೀರಿಕೊಂಡ ಕೂಸು ಸೋಫಿದು. ತೋರಿಸ್ತಿರೋ ಆ ಹುಡುಗನೂ 1789ರ ಜೂನ್‌ನಲ್ಲಿ ತೀರ್ಕೊಂಡ. ಪ್ಯಾರಿಸ್‌ನಲ್ಲಿ ಪ್ರದರ್ಶನಕ್ಕೆ ಇಡೋಕೆ ಹೆದರಿ ಮೊದಲು ಬರೀ ಫ್ರೇಮ್ ಮಾತ್ರ ಹಾಕಿದ್ರಂತೆ, ಖಾಲಿ ಫ್ರೇಮ್ ನೋಡಿ ಜನ ಇದೇ ನಮ್ಮ ಖಜಾನೆ ಕೊರತೆ ಅಂತ ಆಡ್ಕೊಂಡ್ರು.

ನಾನು ಈ ಚಿತ್ರದ ಮುಂದೆ ನಿಂತಿದ್ದು ಇನ್ನೊಂದು ಕಾರಣಕ್ಕೆ. ಇದನ್ನ ಬರೆದ ಮರುವರ್ಷ ಇದೇ ವಿಜೇ ಲೆಬ್ರಾಂ ನಮ್ಮ ದರ್ವೇಶ್ ಖಾನ್‌ನ ಚಿತ್ರ ಬರೆದ್ಲು. ಅವರನ್ನ ಒಪೆರಾದಲ್ಲಿ ನೋಡಿ, ಬರೆಯಲೇಬೇಕು ಅಂತ ಆಸೆಪಟ್ಲಂತೆ, ಅವರು ರಾಜ ಹೇಳಿದ್ರೆ ಮಾತ್ರ ಅಂದ್ರಂತೆ, ರಾಜನ ಕಡೆಯಿಂದ ಹೇಳ್ಸಿದ್ಮೇಲೆ ಅವರು ಇಳ್ಕೊಂಡಿದ್ದ ಮನೆಗೇ ಬಣ್ಣ ಕ್ಯಾನ್ವಾಸ್ ತಗೊಂಡು ಹೋದ್ಲು. ಒಳಗೆ ಬಂದ ತಕ್ಷಣ ಕೈಗೆ ಪನ್ನೀರು ಹಾಕಿದ್ರು ಅಂತ ಬರೆದಿದ್ದಾಳೆ. ಓದಿದಾಗ ನಗು ಬಂತು, ನಮ್ಮ ಕಡೆ ಮದುವೆ ಮನೆ ಬಾಗಿಲಲ್ಲಿ ಇವತ್ತಿಗೂ ಅದೇ ತಾನೆ. ಚಿತ್ರ ಮುಗಿದ ಮೇಲೆ ದರ್ವೇಶ್ ಖಾನ್ ಅದನ್ನ ಮಂಚದ ಹಿಂದೆ ಬಚ್ಚಿಟ್ಟು ಕೊಡಲ್ಲ ಅಂದನಂತೆ, ಅವನ ಆಳಿನ ಕೈಲೇ ಕದ್ದು ತರಿಸ್ಕೊಂಡ್ಲಂತೆ, ಎಲ್ಲಾ ಅವಳೇ ಬರೆದ ನೆನಪುಗಳಲ್ಲಿದೆ, ಎಷ್ಟು ಉಪ್ಪು ಖಾರ ಹಾಕಿದ್ದಾಳೋ. ಆ ಚಿತ್ರ ವರ್ಸೇಲ್ಸ್‌ನಲ್ಲಿ ಇಲ್ಲ. 2019ರ ಜನವರಿಯಲ್ಲಿ ನ್ಯೂಯಾರ್ಕ್ ಹರಾಜಲ್ಲಿ 72 ಲಕ್ಷ ಡಾಲರ್‌ಗೆ ಹೋಯ್ತು, ಹಳೇ ಕಾಲದ ಮಹಿಳಾ ಕಲಾವಿದೆಯ ಚಿತ್ರಕ್ಕೆ ಹರಾಜಲ್ಲಿ ಅಲ್ಲೀವರೆಗೆ ಸಿಕ್ಕಿದ್ದ ದೊಡ್ಡ ಬೆಲೆ. ನಾನು ಫೋನಲ್ಲಿ ಅದರ ಫೋಟೋ ಇಟ್ಕೊಂಡು ಹೋಗಿದ್ದೆ, ರಾಣಿ ಚಿತ್ರದ ಪಕ್ಕ ಹಿಡಿದು ನೋಡ್ದೆ. ರಾಣಿ ಕೂತಿದ್ದಾಳೆ, ನೋಡೋರ ಕಡೆ ಮುಖ ಮಾಡಿ, ನಂಬ್ರಪ್ಪಾ ಅನ್ನೋ ಥರ. ಖಾನ್ ನಿಂತಿದ್ದಾನೆ, ಬಿಳೀ ಮಸ್ಲಿನ್ ನಿಲುವಂಗಿ, ಕೈ ಕತ್ತಿ ಮೇಲೆ, ಕಣ್ಣು ಬೇರೆಲ್ಲೋ, ಕೆಳಗಿಂದ ಮೇಲಕ್ಕೆ ನೋಡಿ ಬರೆದ ಹಾಗಿದೆ, ಏಳಡಿಗಿಂತ ಎತ್ತರದ ಕ್ಯಾನ್ವಾಸು. ಒಬ್ಬಳೇ ಕಲಾವಿದೆ, ಒಂದೇ ವರ್ಷದ ಅಂತರ, ರಾಜಗಾಂಭೀರ್ಯ ಜಾಸ್ತಿ ಇರೋದು ನಮ್ಮ ಖಾನ್ ಸಾಹೇಬರ ಚಿತ್ರದಲ್ಲೇ ಅಂತ ನಂಗನ್ಸಿದ್ದು. ಊರಿನ ಅಭಿಮಾನ ಅಂದ್ಕೊಂಡ್ರೂ ಸರಿ, ಚಿತ್ರ ತೆಗೆದು ನೀವೇ ನೋಡಿ.

ಮುಂದೆ ಪಟ್ಟಾಭಿಷೇಕದ ಹಾಲು, ಅಲ್ಲಿ ನೆಪೋಲಿಯನ್ ಪಟ್ಟಾಭಿಷೇಕದ ಚಿತ್ರ, ಡೇವಿಡ್ ತಾನೇ ಮಾಡಿದ ಎರಡನೇ ಪ್ರತಿ, ಮೊದಲನೇದು ಲೂವ್ರ್‌ನಲ್ಲಿ. ವ್ಯತ್ಯಾಸ ಹುಡುಕೋರಿಗೆ, ಇಲ್ಲಿ ನೆಪೋಲಿಯನ್ ತಂಗಿಯರಲ್ಲಿ ಒಬ್ಬಳ ಬಟ್ಟೆ ಗುಲಾಬಿ ಬಣ್ಣ.

ಯುದ್ಧಗಳ ಗ್ಯಾಲರಿ ಹತ್ರ ಬರೋ ಹೊತ್ತಿಗೆ ಎಲ್ರೂ ಸುಸ್ತಾಗಿ ಹೊರಗೆ ಹೋಗ್ತಾರೆ, ನೀವು ಹೋಗ್ಬೇಡಿ. ಕ್ರಾಂತಿ ಎಲ್ಲಾ ಮುಗಿದ ಮೇಲೆ ರಾಜ ಲೂಯಿ ಫಿಲಿಪ್ 1837ರಲ್ಲಿ ಅರಮನೆನ ಮ್ಯೂಸಿಯಂ ಮಾಡ್ದ, ಅವನು ಮಾಡಿಸಿದ್ದು ಈ 120 ಮೀಟರ್ ಉದ್ದದ ಗ್ಯಾಲರಿ, 33 ದೊಡ್ಡ ದೊಡ್ಡ ಚಿತ್ರ, 496ರ ಯುದ್ಧದಿಂದ ಹಿಡ್ಕೊಂಡು 1809ರ ವಾಗ್ರಾಂ ತನಕ. ಕಲೆ ಅಂತ ನೋಡಿದ್ರೆ ದೆಲಕ್ರುವಾ ಬರೆದ ತಾಯ್‌ಬೂರ್ ಯುದ್ಧ ಒಂದೇ ಸಾಕು, ಸೇತುವೆ ಮೇಲೆ ಕುದುರೆ, ಈಟಿ, ಮನುಷ್ಯರು ಎಲ್ಲಾ ಒಂದೇ ಮುದ್ದೆ. ಮಿಕ್ಕಿದ್ದರಲ್ಲಿ ಬಹಳಷ್ಟು ಕ್ಯಾಲೆಂಡರ್ ಚಿತ್ರ, ಸೇನಾಪತಿ ಕೈ ಎತ್ತಿ ತೋರಿಸೋದು, ಸೈನಿಕರು ನೋಡೋದು.

ಅದರ ಮಧ್ಯೆ ನಂಗೆ ಬೇಕಾಗಿದ್ದು ಯಾರ್ಕ್‌ಟೌನ್, 1781, ಕೂಡೆ ಅನ್ನೋನು ಬರೆದಿದ್ದು, ಅಮೆರಿಕಾದಲ್ಲಿ ವಾಷಿಂಗ್ಟನ್ ಜೊತೆ ಫ್ರೆಂಚ್ ಸೇನಾಪತಿ ರೊಶಾಂಬೋ. ಇಂಗ್ಲಿಷರ ಮೇಲೆ ಫ್ರೆಂಚರು ಅಮೆರಿಕಾದಲ್ಲಿ ಹೋರಾಡ್ತಿದ್ದಾಗ್ಲೇ ಇತ್ತ ಹೈದರ್, ಟೀಪು ಜೊತೆ ಸೇರಿ ದಕ್ಷಿಣದಲ್ಲೂ ಅದೇ ಇಂಗ್ಲಿಷರ ಮೇಲೆ ಹೋರಾಡ್ತಿದ್ರು. ಈ ಕಡೆಯ ಚಿತ್ರ ನಮ್ಮೂರಲ್ಲೇ ಇದೆ, ದರಿಯಾ ದೌಲತ್ ಪಶ್ಚಿಮದ ಗೋಡೇಲಿ, 1780ರ ಪೊಲ್ಲಿಲೂರು ಯುದ್ಧ, ಚೌಕಾಕಾರದಲ್ಲಿ ಸಿಕ್ಕಿಹಾಕ್ಕೊಂಡ ಕಂಪನಿ ಸೈನ್ಯ, ಪಲ್ಲಕ್ಕೀಲಿ ಗಾಯ ಆಗಿ ಕೂತ ಕರ್ನಲ್ ಬೈಲಿ, ಸಿಡೀತಿರೋ ಮದ್ದಿನ ಗಾಡಿ, ಒಂದು ಕಡೆ ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ ಲಾಲಿ. ವರ್ಸೇಲ್ಸ್ ಗ್ಯಾಲರೀಲಿ ಒಬ್ಬ ಹೀರೋ, ಅವನ ಸುತ್ತ ಯುದ್ಧ, ಒಂದೇ ಜಾಗದಲ್ಲಿ ನಿಂತು ನೋಡಿದ್ರೆ ಮುಗೀತು. ದರಿಯಾ ದೌಲತ್ ಗೋಡೆಗೆ ಆ ಲೆಕ್ಕ ಇಲ್ಲ, ನೀವೇ ಗೋಡೆ ಉದ್ದಕ್ಕೂ ನಡೀಬೇಕು, ಎಲ್ಲಾ ಕಡೆ ಒಟ್ಟಿಗೇ ನಡೀತಿರುತ್ತೆ, ಪ್ರತಿ ಕುದುರೆಗೂ ಪ್ರತಿ ಸಿಪಾಯಿಗೂ ಜಾಗ ಇದೆ. ಚಿಕ್ಕಂದಿನಿಂದ ಸ್ಕೂಲ್ ಟ್ರಿಪ್ ಅಂತ ನೋಡಿ ನೋಡಿ ಬೋರ್ ಹೊಡೆದಿದ್ದ ಆ ಗೋಡೆ ಎಷ್ಟು ಬೇರೆ ಥರ ಯೋಚ್ನೆ ಮಾಡಿದ ಚಿತ್ರ ಅನ್ನೋದು ನಂಗೆ ಅರ್ಥ ಆಗಿದ್ದು ಯಾರ್ಕ್‌ಟೌನ್ ಮುಂದೆ ನಿಂತಾಗ. ಮತ್ತೆ ಆ ಯುದ್ಧದ ಕೊನೆ ಹೇಗಾಯ್ತು ಅಂದ್ರೆ, 1783ರ ಜನವರಿಯಲ್ಲಿ ಇದೇ ವರ್ಸೇಲ್ಸ್ ಊರಲ್ಲಿ ಫ್ರಾನ್ಸು ಇಂಗ್ಲೆಂಡು ಶಾಂತಿಗೆ ಪ್ರಾಥಮಿಕ ಒಪ್ಪಂದ ಮಾಡ್ಕೊಂಡ್ವು, ಅದರ ಸುದ್ದಿ ಬಂದಾಗ ಮಂಗಳೂರು ಮುತ್ತಿಗೇಲಿ ಟೀಪು ಜೊತೆಗಿದ್ದ ಫ್ರೆಂಚರು ಕೈ ಕೊಟ್ರು, ಟೀಪು 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದಕ್ಕೆ ಬಂದ. ಐದು ವರ್ಷ ಆಗೋಕೆ ಮುಂಚೆ ಮತ್ತೆ ಅವರನ್ನೇ ಸಹಾಯ ಕೇಳೋಕೆ ರಾಯಭಾರಿ ಕಳಿಸಿದ್ದು ಅಂದ್ರೆ ಬೇರೆ ದಾರಿ ಇರ್ಲಿಲ್ಲ ಅಂತ ತಾನೆ.

ಗಾರ್ಡನ್ ಬಗ್ಗೆ ಜಾಸ್ತಿ ಬರೆಯಲ್ಲ. ಕಾರಂಜಿ ಬಿಡೋ ದಿನ, ಅಂದ್ರೆ ಸೀಸನ್ನಿನ ಶನಿವಾರ ಭಾನುವಾರ, ಗಾರ್ಡನ್ನಿಗೂ ಟಿಕೆಟ್ ಇರುತ್ತೆ, ಕಾರಂಜಿ ಇಲ್ಲದ ದಿನ ಬೆರಗೇನೂ ಇಲ್ಲ, ಸುಮ್ನೆ ನೀರು ನಿಂತಿರುತ್ತೆ, ಹಾಗಾಗಿ ದುಡ್ಡು ಕೊಟ್ರೂ ಆ ದಿನಾನೇ ಹೋಗಿ. ಆ ಕಾಲದಲ್ಲೂ ನೀರು ಸಾಲ್ತಿರ್ಲಿಲ್ಲ, ಸೀನ್ ನದಿಯಿಂದ ನೀರು ಎತ್ತೋಕೆ 1684ರಲ್ಲಿ 14 ಚಕ್ರಗಳ ಒಂದು ಭಾರಿ ಯಂತ್ರ ಹಾಕಿದ್ರು, ಆದ್ರೂ ಎಲ್ಲಾ ಕಾರಂಜಿ ಒಟ್ಟಿಗೆ ಬಿಡೋಕೆ ಆಗ್ತಿರ್ಲಿಲ್ಲ, ರಾಜ ವಾಕಿಂಗ್ ಬರ್ತಿದ್ರೆ ಆಳುಗಳು ಶಿಳ್ಳೆ ಹಾಕಿ ಒಂದೊಂದೇ ಆನ್ ಮಾಡಿಸೋರಂತೆ. ಲತೋನಾ ಕಾರಂಜೀಲಿ ಮನುಷ್ಯರು ಕಪ್ಪೆಗಳಾಗ್ತಿರೋದನ್ನ ಹತ್ರ ಹೋಗಿ ನೋಡಿ, ಅರ್ಧ ಮುಖ ಕಪ್ಪೆ ಅರ್ಧ ಮನುಷ್ಯ. ಟ್ರಿಯಾನಾನ್ ಕಡೆ, ಅಂದ್ರೆ ಗಾರ್ಡನ್ ಆಚೆ ಇರೋ ಚಿಕ್ಕ ಅರಮನೆಗಳ ಕಡೆ, ಮಧ್ಯಾಹ್ನ 12ರ ಮೇಲೆ ಬಿಡೋದು, ಅರಮನೆಗೆ ಮಧ್ಯಾಹ್ನದ ಸ್ಲಾಟ್ ತಗೊಂಡೋರು ಎರಡೂ ಒಂದೇ ದಿನ ಮುಗಿಸ್ತೀನಿ ಅಂತ ಹೋದ್ರೆ ಎರಡೂ ಅರ್ಧಂಬರ್ಧ, ನಾನು ಅದನ್ನ ಬೇರೆ ದಿನಕ್ಕೆ ಇಟ್ಕೊಂಡಿದ್ದೆ. ಪೆಟಿಟ್ ಟ್ರಿಯಾನಾನ್ ಸುತ್ತ 15ನೇ ಲೂಯಿ ಕಾಲದಲ್ಲಿ ಗಿಡಗಳ ಸಂಗ್ರಹದ ತೋಟ ಇತ್ತು, ಮೇರಿ ಅಂಟೊನೆಟ್ ಅದನ್ನ ತೆಗೆಸಿ ಇಂಗ್ಲಿಷ್ ಥರದ ತೋಟ ಮಾಡಿಸ್ಕೊಂಡ್ಲು, ಲಾಲ್‌ಬಾಗ್ ಬೆಳೆಸ್ತಿದ್ದ ಟೀಪು ಬೀಜ ಕೇಳಿ ಕಳಿಸಿದ ಹೊತ್ತಿಗೆ ಆ ಗಿಡಗಳೆಲ್ಲ ಪ್ಯಾರಿಸ್‌ನ ರಾಜನ ತೋಟಕ್ಕೆ ಹೋಗಿತ್ತು.

ಇನ್ನು ವರ್ಸೇಲ್ಸ್‌ಗೂ ಪ್ಯಾರಿಸ್‌ಗೂ ನಡುವೆ ಇರೋ ಸೆವ್ರ್ ಊರು. ರಾಯಭಾರಿಗಳಿಗೆ ರಾಜ ಕೊಟ್ಟ ಉಡುಗೊರೆಗಳಲ್ಲಿ ಮುಖ್ಯವಾದ್ದು ಸೆವ್ರ್ ಫ್ಯಾಕ್ಟರಿಯ ಪಿಂಗಾಣಿ, ಅವರೂ ಆ ಫ್ಯಾಕ್ಟರಿಗೆ ಹೋಗಿ ನೋಡ್ಕೊಂಡು ಬಂದಿದ್ರು. ಅಲ್ಲಿನ ಚಿತ್ರಕಾರ ಅಸ್ಲಾಂ ಬರೆದಿರೋ ಒಂದು ಚಿತ್ರ ಅಲ್ಲಿನ ಮ್ಯೂಸಿಯಂ ಸಂಗ್ರಹದಲ್ಲಿದೆ, ಸೇಂಟ್ ಕ್ಲೌಡ್ ಪಾರ್ಕಲ್ಲಿ ನಮ್ಮೋರು ಮೂರು ಜನ ವಾಕಿಂಗ್ ಹೋಗ್ತಿರೋದು, ಸುತ್ತ ಪ್ಯಾರಿಸ್‌ನೋರೆಲ್ಲ ನೋಡೋಕೆ ಮುಗಿಬಿದ್ದಿರೋದು. ಕಾಗದದ ಮೇಲಿನ ಕೆಲ್ಸ, ಹೋದಾಗೆಲ್ಲ ಕಾಣುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ, ಪಿಂಗಾಣಿ ನೋಡೋಕೆ ಹೋಗಿ. ಹೋಗೋಕೆ ಮುಂಚೆ ತೆಗೆದಿದ್ಯಾ ಅಂತ ಚೆಕ್ ಮಾಡಿ. ವರ್ಸೇಲ್ಸ್ ಅರಮನೆ ಎದುರಿನ ಮೈದಾನದ ಹತ್ರ 171 ನಂಬರ್ ಬಸ್ ಸಿಗುತ್ತೆ, ಅದು ಸೆವ್ರ್ ಮೇಲೇ ಹೋಗಿ ಪೋಂ ದ ಸೆವ್ರ್ ಮೆಟ್ರೋ ಸ್ಟೇಷನ್ನಿಗೆ ಬಿಡುತ್ತೆ, ಅಲ್ಲಿಂದ 9ನೇ ಲೈನ್ ಹಿಡಿದ್ರೆ ಪ್ಯಾರಿಸ್ ಒಳಗೆ. ಟ್ರೇನಿಗಿಂತ ನಿಧಾನ, ಕೂರೋಕೆ ಸೀಟ್ ಸಿಗುತ್ತೆ, ಅಷ್ಟು ಹೊತ್ತು ನಿಂತು ಸೀಲಿಂಗ್ ನೋಡಿದ ಮೇಲೆ ಅದೇ ದೊಡ್ಡ ವಿಷಯ.